ಅಧ್ಯಕ್ಷರ ರೇಟಿಂಗ್ ಬಿತ್ತು ಅಂದರೆ ಸೋತರು ಅಂತಲ್ಲ

"ನಿಮ್ಮ ಅಧ್ಯಕ್ಷರ ರೇಟಿಂಗ್ ನಲವತ್ತಕ್ಕೆ ಇಳಿದಿದೆಯಂತೆ, ಮುಂದಿನ ಸಲ ಮನೆಗೆ ಹೋಗೋದು ಗ್ಯಾರಂಟಿ ಅಲ್ವಾ?" ಊರಿಂದ ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ ಈ ಪ್ರಶ್ನೆ ಇದ್ದೇ ಇರುತ್ತದೆ. ಅಧ್ಯಕ್ಷರು ಯಾರೇ ಇರಲಿ, ಪ್ರಶ್ನೆ ಮಾತ್ರ ಬದಲಾಗಿಲ್ಲ. ರೇಟಿಂಗ್ ಅಂದರೆ ಅಧ್ಯಕ್ಷರ ಕೆಲಸ ಒಪ್ಪಿಗೆ ಅಂತ ಸಮೀಕ್ಷೆಯಲ್ಲಿ ಹೇಳಿದವರು ನೂರಕ್ಕೆ ಎಷ್ಟು ಮಂದಿ ಅನ್ನುವ ಲೆಕ್ಕ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದು ಇಲ್ಲಿನ ಚುನಾವಣೆಗಳನ್ನು ಹತ್ತಿರದಿಂದ ನೋಡಿದ ಮೇಲೆ ನಾನು ಮೊದಲು ಕೇಳುವುದು ಒಂದೇ: ಆ ಅಂಕಿ ಯಾವಾಗಿನದು?

1991ರಲ್ಲಿ ಕುವೈತ್ ಯುದ್ಧ ಮುಗಿದಾಗ ಸೀನಿಯರ್ ಬುಷ್ ರೇಟಿಂಗ್ ಗ್ಯಾಲಪ್ ಸಮೀಕ್ಷೆಯಲ್ಲಿ 89ಕ್ಕೆ ಏರಿತ್ತು. ಇಂಥವರನ್ನು ಯಾರು ಸೋಲಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಯುದ್ಧ ಮರೆತುಹೋಯಿತು, ಜನರಿಗೆ ಕೆಲಸದ ಚಿಂತೆ ಶುರುವಾಯಿತು, 1992ರ ನವೆಂಬರ್‌ನಲ್ಲಿ ಅವರಿಗೆ ಸಿಕ್ಕಿದ್ದು ಶೇ. 37ರಷ್ಟು ಮತ, ಗೆದ್ದಿದ್ದು ಕ್ಲಿಂಟನ್. ರೇಗನ್ ಕಥೆ ಇದಕ್ಕೆ ತದ್ವಿರುದ್ಧ. 1983ರ ಜನವರಿಯಲ್ಲಿ ಅವರ ರೇಟಿಂಗ್ 35, ನಿರುದ್ಯೋಗ ಶೇ. 10 ದಾಟಿತ್ತು. ಮರುವರ್ಷ ಆರ್ಥಿಕತೆ ಚೇತರಿಸಿಕೊಂಡಿತು, 50ರಲ್ಲಿ 49 ರಾಜ್ಯ ಗೆದ್ದರು! ಹಾಗಾಗಿ ಚುನಾವಣೆಗೆ ಒಂದೂವರೆ, ಎರಡು ವರ್ಷ ಇರುವಾಗಿನ ಅಂಕಿ ಹಿಡಿದು ಭವಿಷ್ಯ ಹೇಳುವವರನ್ನು ದಯವಿಟ್ಟು ನಂಬಬೇಡಿ.

ಚುನಾವಣೆ ವರ್ಷದ ಬೇಸಿಗೆ ದಾಟಿದ ಮೇಲಿನ ಅಂಕಿಗೆ ಮಾತ್ರ ನಿಜವಾದ ತೂಕ ಇದೆ. ಆಗ 50ರ ಮೇಲಿದ್ದರೆ ಸಾಮಾನ್ಯವಾಗಿ ಗೆಲುವು, 40ರ ಕೆಳಗಿದ್ದರೆ ಬಹಳ ಕಷ್ಟ. 1980ರಲ್ಲಿ ಕಾರ್ಟರ್ ಹಾಗೇ ಸೋತರು. ನಡುವೆ ಇರುವುದು ಮಬ್ಬು ಜಾಗ. 2004ರಲ್ಲಿ ಜೂನಿಯರ್ ಬುಷ್ 50ರ ಆಸುಪಾಸಿನಲ್ಲಿದ್ದು ಗೆದ್ದರು, 2020ರಲ್ಲಿ ಟ್ರಂಪ್ 46ರಲ್ಲಿದ್ದು ಸೋತರು. ಟ್ರೂಮನ್ ಅಂತೂ ಯಾವ ಲೆಕ್ಕಕ್ಕೂ ಸಿಗುವವರಲ್ಲ. 1948ರ ವಸಂತದಲ್ಲಿ 40ರ ಕೆಳಗಿದ್ದವರು ನವೆಂಬರ್‌ನಲ್ಲಿ ಗೆದ್ದುಬಿಟ್ಟರು. ಅವರು ಸೋತರು ಅಂತ ಅಚ್ಚು ಹಾಕಿದ್ದ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯನ್ನೇ ಎತ್ತಿ ಹಿಡಿದು ನಗುತ್ತಿರುವ ಫೋಟೊ ನೀವೂ ನೋಡಿರಬಹುದು.

ಇನ್ನು ಸಮೀಕ್ಷೆಯಲ್ಲಿ ಕೇಳುವ ಪ್ರಶ್ನೆ. ನಮ್ಮ ಮನೆಗೂ ಒಮ್ಮೆ ಕರೆ ಬಂದಿತ್ತು. ಅಧ್ಯಕ್ಷರು ಕೆಲಸ ಮಾಡುತ್ತಿರುವ ರೀತಿ ನಿಮಗೆ ಒಪ್ಪಿಗೆಯೇ ಅಂತ ಕೇಳಿದರು. ಪೂರ್ತಿ ಒಪ್ಪಿಗೆ, ಸ್ವಲ್ಪ ಒಪ್ಪಿಗೆ, ಸ್ವಲ್ಪ ಅಸಮಾಧಾನ, ಪೂರ್ತಿ ಅಸಮಾಧಾನ, ನಾಲ್ಕರಲ್ಲಿ ಒಂದು ಆರಿಸಬೇಕು. ಎದುರಾಳಿ ಯಾರು ಅನ್ನುವ ಮಾತೇ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜನನ್ನು ಕೇಳಿದರೆ ಅಸಮಾಧಾನ ಅಂತಲೇ ಹೇಳುತ್ತಾರೆ, ತಮ್ಮ ಅಧ್ಯಕ್ಷರು ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು ಅಂತ ಅವರಿಗೆ ಸಿಟ್ಟು. ಆದರೆ ಅಕ್ಟೋಬರ್ ಬಂತು ಅಂದರೆ ಅವರ ಅಂಗಳದಲ್ಲಿ ಅದೇ ಅಧ್ಯಕ್ಷರ ಹೆಸರಿನ ಬೋರ್ಡ್ ನೆಟ್ಟಿರುತ್ತದೆ. ಆ ಅಸಮಾಧಾನವನ್ನು ಯಾವ ಖಾತೆಗೆ ಹಾಕೋಣ ಹೇಳಿ?

ಜೊತೆಗೆ ರೇಟಿಂಗ್ ಇಡೀ ದೇಶದ್ದು, ಗೆಲುವು ಕೆಲವೇ ರಾಜ್ಯಗಳದ್ದು. 2020ರಲ್ಲಿ ಬೈಡನ್‌ಗೆ ದೇಶದಲ್ಲಿ 70 ಲಕ್ಷ ಮತ ಜಾಸ್ತಿ ಬಂದಿತ್ತು. ಆದರೆ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಅಂತರ ಸುಮಾರು 43,000 ಮಾತ್ರ. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತಗಳು, ಆ ಮೂರೂ ರಾಜ್ಯ ಕೈತಪ್ಪಿದ್ದರೆ ಆ ಮತಗಳ ಲೆಕ್ಕ 269-269ಕ್ಕೆ ಬಂದು ಸಮನಾಗಿ ನಿಲ್ಲುತ್ತಿತ್ತು. ನಾವಿರುವ ಪೆನ್ಸಿಲ್ವೇನಿಯಾದಲ್ಲಿ ಆ ಸಲ ಎಣಿಕೆ ಮುಗಿಯುವವರೆಗೆ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಚಿಕ್ಕಪ್ಪನ ಲೆಕ್ಕ ನನಗೆ ಅರ್ಥವಾಗುತ್ತದೆ. ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ವಿಧಾನಸಭೆ ಚುನಾವಣೆಯಲ್ಲಿ ಮರಳಿ ಗೆದ್ದಿಲ್ಲ, ಸಿಟ್ಟು ಬಂದರೆ ಸರ್ಕಾರ ಹೋಯಿತು ಅಂತಲೇ ನಾವು ನೋಡಿ ಬೆಳೆದವರು. ಇಲ್ಲಿ ಕುರ್ಚಿಯಲ್ಲಿದ್ದವರಿಗೇ ಅನುಕೂಲ ಜಾಸ್ತಿ. ಎರಡನೇ ಮಹಾಯುದ್ಧದ ನಂತರ ಕುರ್ಚಿಯಲ್ಲಿದ್ದು ನವೆಂಬರ್‌ನಲ್ಲಿ ಸೋತವರು ಫೋರ್ಡ್, ಕಾರ್ಟರ್, ಸೀನಿಯರ್ ಬುಷ್, ಟ್ರಂಪ್, ಅಷ್ಟೇ.

ಎರಡು ಸಲ ಗೆದ್ದವರು ಮತ್ತೆ ನಿಲ್ಲುವಂತಿಲ್ಲ, ಸಂವಿಧಾನದ 22ನೇ ತಿದ್ದುಪಡಿ ಅದನ್ನು ತಡೆದಿದೆ. ಅಂಥವರ ರೇಟಿಂಗ್ ಬಿದ್ದಾಗ ನೋಡಬೇಕಾದ್ದು ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯನ್ನು. ಏಟು ಅಲ್ಲಿ ನೇರವಾಗಿ ಪಕ್ಷಕ್ಕೇ ಬೀಳುತ್ತದೆ. ಒಬಾಮಾ ಮೊದಲ ಅವಧಿಯಲ್ಲೇ, 2010ರಲ್ಲಿ, ರೇಟಿಂಗ್ 45ರ ಹತ್ತಿರ ಇದ್ದಾಗ ಅವರ ಪಕ್ಷ ಕೆಳಮನೆಯಲ್ಲಿ 63 ಸೀಟು ಕಳೆದುಕೊಂಡಿತು. ಎರಡು ವರ್ಷ ಬಿಟ್ಟು ಅದೇ ಒಬಾಮಾ ಮತ್ತೆ ಗೆದ್ದರು.