ಹೊಂಗೆ ಎಲೆ ಸುಡಬ್ಯಾಡ್ರಪ್ಪ

ಶಿವರಾತ್ರಿ ಹತ್ರ ಬಂತು ಅಂದ್ರೆ ದಾವಣಗೆರೇಲಿ ನಮ್ಮ ಬೀದಿ ತುಂಬ ಹೊಂಗೆ ಎಲೆ, ಗುಡಿಸಿ ಗುಡಿಸಿ ಸೊಂಟ ಬಿದ್ದೋಗುತ್ತೆ, ಆಮೇಲೆ ಎಲ್ಲಾ ಮೂಲೆಗೆ ತಳ್ಳಿ ಕಡ್ಡಿ ಗೀರ್ತಾರೆ. ಘನತ್ಯಾಜ್ಯ ನಿಯಮದಲ್ಲಿ ಕಸ ಸುಡಂಗಿಲ್ಲ ಅಂತಾನೇ ಐತೆ, ಅದಿರ್ಲಿ, ನನ್ನ ಹೊಟ್ಟೆಉರಿ ಬೇರೆ. ಮನೇಲಿ ಕಾಂಪೋಸ್ಟ್ ಮಾಡೋರಿಗೆ ಬೇಕಾದ ಮುಖ್ಯ ಮಾಲೇ ಈ ಒಣಗಿದ ಎಲೆ, ಅದಕ್ಕೆ ಬೆಂಕಿ ಇಟ್ಟು ಆಮೇಲೆ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತರಿಸ್ತಾರಲ್ಲ! ನಾನು ಖಾಲಿ ಅಕ್ಕಿ ಚೀಲದಲ್ಲಿ ತುಂಬಿ ಮೆಟ್ಟಿಲ ಕೆಳಗೆ ಒಟ್ಕಂಡ್ಬಿಡ್ತೀನಿ.

"ವಾಸ್ನೆ ಬರಲ್ವೇನ್ರೀ?" ಎಲ್ರೂ ಕೇಳೋದು ಇದೇ. ಮೇಲ್ಗಡೆ ಮನೆ ಆಂಟಿ ಅಂತೂ ನನ್ನ ಕಾಂಪೋಸ್ಟ್ ಡ್ರಮ್ ನೋಡಿದ ದಿನಾನೇ "ಮನೆ ಮುಂದೇನೇ ತಿಪ್ಪೆ ಹಾಕ್ಕಂಡ್ರಾ?" ಅಂದಿದ್ರು. ಬರ್ರಿ ಆಂಟಿ ಅಂತ ಕರೆದು ಮುಚ್ಚಳ ತೆಗೆದು ಒಂದು ಹಿಡಿ ಕೈಗೆ ಕೊಟ್ಟೆ, ಮೂಗು ಮುಚ್ಕಂಡೇ ಬಂದೋರು ಮೂಸಿ ನೋಡಿ "ಮಣ್ಣಿನ ವಾಸ್ನೆ ಅಷ್ಟೆ ಐತಲ್ಲ" ಅಂದ್ರು.

ವಿಷಯ ಏನಪ್ಪ ಅಂದ್ರೆ ಬರೀ ಹಸಿ ಕಸ ಹಾಕಿದ್ರೆ ಅದು ಮುದ್ದೆ ಆಗಿ ಕುತ್ಕಳುತ್ತೆ, ಒಳಗೆ ಗಾಳಿ ಆಡಲ್ಲ, ಗಾಳಿ ಇಲ್ದೆ ಬದುಕೋ ಬ್ಯಾಕ್ಟೀರಿಯಾ ಸೇರ್ಕಂಡು ಗಬ್ಬು ಎಬ್ಬಿಸ್ತಾವೆ. ತರಕಾರಿ ಸಿಪ್ಪೆ, ಮೆಂತ್ಯ ಸೊಪ್ಪಿನ ದಂಟು, ಸೋಸಿದ ಚಾ ಪುಡಿ ಇವುಗಳಲ್ಲಿ ಸಾರಜನಕ ಜಾಸ್ತಿ, ಒಣ ಎಲೇಲಿ ಇಂಗಾಲ ಜಾಸ್ತಿ. ಪುಸ್ತಕದ ಲೆಕ್ಕ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ, ಅಡುಗೆಮನೇಲಿ ಅದನ್ನೆಲ್ಲ ಯಾರು ತೂಗ್ತಾರೆ, ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಎಲೆ ಪುಡಿ ಮಾಡಿ ಮೇಲೆ ಮುಚ್ಚಿ, ಸಾಕು. ಡ್ರಮ್ಮಿನ ಸುತ್ತ, ಬುಡದಲ್ಲಿ ತೂತು ಇರ್ಲಿ, ವಾರಕ್ಕೊಂದ್ಸಲ ಕೋಲಲ್ಲಿ ಮೇಲೆ ಕೆಳಗೆ ಮಾಡಿ. ಶುರುವಿಗೆ ಹುಳಿ ಮಜ್ಜಿಗೆನೋ ಸಗಣಿ ನೀರೋ ಚಿಮುಕಿಸಿದ್ರೆ ಆಯ್ತು, ಬೇಗ ಕೊಳೀಲಿ ಅಂತ ಹಾಕೋ ಪೌಡರ್ ಗೀಡರ್ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಂಡಕ್ಕಿ ಭಟ್ಟಿ ಊರು ನಮ್ದು, ಭತ್ತದ ಹೊಟ್ಟು ಹಾಕಬಹುದಾ ಅಂತ ಕೇಳ್ತಾರೆ. ಹಾಕ್ರಿ, ಗಾಳಿ ಆಡಕ್ಕೆ ಒಳ್ಳೇದು, ಆದ್ರೆ ಅದ್ರಲ್ಲಿ ಸಿಲಿಕಾ ತುಂಬ ಇರೋದ್ರಿಂದ ಬೇಗ ಕೊಳೆಯಲ್ಲ, ಎಲೆ ಬದಲಿಗೆ ಅಂತ ನಂಬ್ಕಬ್ಯಾಡ್ರಿ. ಮಿರ್ಚಿ ಎಣ್ಣೆ, ಮಾಂಸ, ಮೂಳೆ ಬೇಡವೇ ಬೇಡ, ಹೆಗ್ಗಣ ಬರ್ತಾವೆ.

ನಮ್ಮ ಕಡೆ ಬೇಸಿಗೇಲಿ ವಾಸ್ನೆಗಿಂತ ದೊಡ್ಡ ತೊಂದ್ರೆ ಒಣಗೋದು. ಏಪ್ರಿಲ್ ಬಿಸಿಲಿಗೆ ಡ್ರಮ್ಮಿನ ಅಂಚೆಲ್ಲ ಗರಿಗರಿ ಆಗಿ ಕೊಳೆಯೋ ಕೆಲಸಾನೇ ನಿಂತೋಗುತ್ತೆ. ಇರುವೆ ಸಾಲು ಹತ್ತಿದ್ರೆ ನೀರು ಸಾಲ್ದು ಅಂತ ತಿಳ್ಕಳಿ. ಒಂದು ಹಿಡಿ ಹಿಂಡಿದ್ರೆ ಉಂಡೆ ಕಟ್ಟಬೇಕು, ಬೆರಳ ಸಂದೀಲಿ ಒಂದೆರಡು ಹನಿ ಕಂಡ್ರೆ ಸರಿ, ಧಾರೆ ಇಳಿದ್ರೆ ಎಲೆ ಸುರೀರಿ. ಮಳೆಗಾಲದಲ್ಲಿ ಬೂದು ಬಣ್ಣದ ದಪ್ಪ ಹುಳ ಮಿಲಮಿಲ ಅಂತಾವೆ, ಬ್ಲಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ ಅವು, ನೋಡಕ್ಕೆ ಅಸಹ್ಯ ಅಷ್ಟೆ, ಕಸಾನ ನಮಗಿಂತ ಫಾಸ್ಟಾಗಿ ಮುಗಿಸ್ತಾವೆ, ಬಿಸಿನೀರು ಸುರೀಬ್ಯಾಡ್ರಿ.

ಇನ್ನೊಂದು, ಕಳೆ ಬೀಜ ಸಾಯ್ಬೇಕು ಅಂದ್ರೆ ಒಳಗೆ 55 ಡಿಗ್ರಿ ಮೇಲೆ ಕಾವು ಏರಿ ಕೆಲವು ದಿನ ನಿಲ್ಲಬೇಕು, ಮನೆ ಡ್ರಮ್ಮಿಗೆ ಅಷ್ಟು ಕಾವು ಸುಮ್ನೆ ಬರಲ್ಲ. ಅದಕ್ಕೇ ಹೂ ಬಿಟ್ಟ ಕಾಂಗ್ರೆಸ್ ಗಿಡ ಹಾಕಲ್ಲ ನಾನು. ಟೊಮೇಟೊ ಬೀಜಾನೂ ಸಾಯಲ್ಲ, ಗೊಬ್ಬರ ಹಾಕಿದ ದಾಸವಾಳದ ಕುಂಡದಲ್ಲೆಲ್ಲ ಮೊಳೀತಾವೆ. ಅವನ್ನ ಕೀಳಕ್ಕೆ ನಮ್ಮಮ್ಮ ಬಿಡಲ್ಲ.