ಕಾರಲ್ಲಿ ಮಲಗೋಕೆ ಕಿಟಕಿಗೆ ಏನು ಹಾಕಬೇಕು?

ಕಾರಲ್ಲೇ ರಾತ್ರಿ ಕಳೆಯಲು ಹೊರಟವರು ತಪ್ಪದೆ ಕೇಳುವ ಪ್ರಶ್ನೆ ಇದು. ಜೊತೆಗೆ ಇನ್ನೊಂದು: "ಗಾಜಿಗೆ ಟವೆಲ್ ಸಿಕ್ಕಿಸಿದರೆ ಸಾಲದಾ?" ಸಾಲದು. ಟವೆಲ್ಲಿನ ಅಂಚಿನಲ್ಲಿ ಬೀದಿದೀಪ ಇಣುಕುತ್ತದೆ, ಸಂದಿಯಲ್ಲಿ ಸೊಳ್ಳೆ ನುಗ್ಗುತ್ತದೆ, ಮಳೆ ಬಂದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಟವೆಲ್ಲೇ ನೀರನ್ನು ಒಳಕ್ಕೆ ಎಳೆಯುತ್ತದೆ. ಪ್ರತಿ ಗಾಜಿಗೂ ಅದರದೇ ಅಳತೆಯ ಮರೆ ಮಾಡಿಕೊಳ್ಳುವುದು ಒಂದು ಭಾನುವಾರದ ಕೆಲಸ, ಅಷ್ಟೆ.

ಶೀಟಿನ ಮನೆಗಳಲ್ಲಿ ಸೆಕೆ ತಡೆಯಲು ಸೂರಿನಡಿ ಹಾಕುತ್ತಾರಲ್ಲ, ಆ ಬೆಳ್ಳಿ ಬಣ್ಣದ ಫಾಯಿಲ್ ಫೋಮ್ ಶೀಟನ್ನೇ ತನ್ನಿ. 5–6 ಮಿ.ಮೀ. ದಪ್ಪ ಇರಲಿ. ಅದಕ್ಕಿಂತ ತೆಳುವಾದರೆ ನಡುರಾತ್ರಿ ಬಾಗಿ ಮುಖದ ಮೇಲೆ ಬೀಳುತ್ತದೆ, 10 ಮಿ.ಮೀ. ಆದರೆ ಸುತ್ತಿಡಲು ಬರುವುದಿಲ್ಲ. 1.2 ಮೀಟರ್ ಅಗಲದ ರೋಲ್ ಆದರೆ ಸಣ್ಣ ಕಾರಿನ ನಾಲ್ಕು ಬಾಗಿಲಿಗೂ ಹಿಂದಿನ ಗಾಜಿಗೂ 3 ಮೀಟರ್ ಸಾಕು. ಮುಂದಿನ ದೊಡ್ಡ ಗಾಜಿಗೆ ಒದ್ದಾಡಬೇಡಿ, ಅಂಗಡಿಯಲ್ಲಿ ಸಿಗುವ ಮಡಚುವ ಸನ್‌ಶೇಡ್ ಕೊಂಡುಬಿಡಿ. ಶೀಟಿನ ಒಂದು ಮುಖಕ್ಕೆ ಅಂಟಿಸಲು ಕಪ್ಪು ಪಾಪ್ಲಿನ್ ಬಟ್ಟೆಯೂ ಬೇಕು.

ಹೆಚ್ಚಿನವರು ಕೆಡಿಸಿಕೊಳ್ಳುವುದು ಅಳತೆಯಲ್ಲಿ. ಟೇಪು ಹಿಡಿದು ಉದ್ದ, ಅಗಲ ಬರೆದುಕೊಂಡರೆ ಕೆಲಸಕ್ಕೆ ಬರುವುದಿಲ್ಲ, ಕಾರಿನ ಯಾವ ಗಾಜಿಗೂ ನೆಟ್ಟಗಿನ ಮೂಲೆ ಇರುವುದಿಲ್ಲ. ಬಾಗಿಲು ಮುಚ್ಚಿ, ಕಾರೊಳಗೆ ಕೂತು, ಹಳೇ ನ್ಯೂಸ್ ಪೇಪರನ್ನು ಗಾಜಿಗೆ ಟೇಪಿನಿಂದ ಅಂಟಿಸಿ. ಸುತ್ತಲಿನ ರಬ್ಬರ್ ಬೀಡಿಂಗ್ ಗುಂಟ ಉಗುರಿನಿಂದ ಗಟ್ಟಿಯಾಗಿ ಒತ್ತುತ್ತಾ ಬಂದರೆ ಕಾಗದದಲ್ಲಿ ಗೆರೆ ಮೂಡುತ್ತದೆ. ಆ ಗೆರೆಗೆ ಕತ್ತರಿಸಿ, ಮತ್ತೊಮ್ಮೆ ಗಾಜಿಗೆ ಹಿಡಿದು ನೋಡಿ, ಆಮೇಲೆ ಶೀಟಿನ ಮೇಲಿಡಿ. ಶೀಟನ್ನು ಮಾತ್ರ ಸುತ್ತಲೂ 6–8 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಆ ಹೆಚ್ಚಿಗೆಯೇ ಬೀಡಿಂಗ್‌ಗೆ ಒತ್ತಿ ಕೂತು ಮರೆಯನ್ನು ಹಿಡಿದು ನಿಲ್ಲಿಸುವುದು. ಮೊದಲೇ ತೀರಾ ಸರಿಯಾಗಿ ಕತ್ತರಿಸಿದರೆ ಆಮೇಲೆ ಸೇರಿಸಲು ದಾರಿಯಿಲ್ಲ.

ಎಡಗಡೆಯ ಕಾಗದವನ್ನು ಮಗುಚಿದರೆ ಬಲಗಡೆಯದು ಸಿದ್ಧ. ಮಗುಚಲು ಮರೆತವರ ಹತ್ತಿರ ಎರಡು ಎಡಗಡೆ ಮರೆಗಳಿರುತ್ತವೆ! ಕಾಗದದ ಮೇಲೆ "ಎಡ, ಹಿಂದೆ, ಒಳಮುಖ" ಅಂತ ಬರೆದಿಡಿ.

ಬಟ್ಟೆ ಅಂಟಿಸಲು ಬಿಳಿ ಫೆವಿಕಾಲ್ ಬೇಡ. ಅದು ಒಣಗಬೇಕಾದರೆ ಅದರ ನೀರನ್ನು ಮರ, ಕಾಗದದಂಥದ್ದು ಹೀರಿಕೊಳ್ಳಬೇಕು, ಫಾಯಿಲ್ ಹೀರುವುದಿಲ್ಲ. ಚಪ್ಪಲಿ, ರೆಕ್ಸಿನ್ ಅಂಟಿಸುವ ರಬ್ಬರ್ ಅಂಟು ತನ್ನಿ. ಎರಡೂ ಕಡೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಮುಟ್ಟಿದರೆ ಬೆರಳಿಗೆ ಹತ್ತದ ಹದಕ್ಕೆ ಬಂದಾಗ ಒತ್ತಿ. ಅಂಚಿಗೆ ಟೈಲರ್ ಹತ್ತಿರ ಪಟ್ಟಿ ಹೊಲಿಸಿದರೆ ಫಾಯಿಲ್ ಕೀಳುವುದಿಲ್ಲ. ವಾಸನೆ ಹೋಗುವ ತನಕ, ಎರಡು ದಿನವಾದರೂ, ಗಾಳಿಗೆ ಹರವಿಡಿ.

ಯಾವ ಮುಖ ಹೊರಗೆ? ಬೆಳಗ್ಗೆ ಬಿಸಿಲೇರುವ ತನಕ ಮಲಗುವವರಾದರೆ ಬೆಳ್ಳಿ ಹೊರಗೆ. ಬೆಳಕು ಹರಿಯುತ್ತಲೇ ಹೊರಡುವವರಾದರೆ ಕಪ್ಪು ಹೊರಗಿರಲಿ, ಹಾದುಹೋಗುವ ಗಾಡಿಯ ಲೈಟಿಗೆ ಫಾಯಿಲ್ ಫಳಫಳ ಹೊಳೆದು "ಒಳಗೆ ಯಾರೋ ಇದ್ದಾರೆ" ಅಂತ ಸಾರುವುದಿಲ್ಲ. ಇದಕ್ಕೆ ಎರಡು ಸೆಟ್ ಬೇಡ. ಎಡದ ಮರೆಯನ್ನು ಮಗುಚಿ ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರಾಯಿತು.

ಇನ್ನು ಗಾಳಿ. ಕತ್ತಲೆ ಮಾಡುವ ಉತ್ಸಾಹದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರಿನಲ್ಲೇ ಒಂದು ಲೋಟದಷ್ಟು ನೀರು ಹೊರಬಿದ್ದಿರುತ್ತದೆ. ಚಿಕ್ಕಮಗಳೂರು, ಮಡಿಕೇರಿಯ ಚಳಿಯಲ್ಲಿ ಅದೆಲ್ಲ ಗಾಜಿನ ಮೇಲೆ ಹನಿಯಾಗಿ ಹಾಸಿಗೆಗೆ ಇಳಿಯುತ್ತದೆ. ಹಾಗಾಗಿ ಎರಡು ಗಾಜು ಎರಡೆರಡು ಬೆರಳು ಇಳಿದಿರಲೇಬೇಕು, ಅದೂ ಓರೆಯಾಗಿ: ಮುಂದೆ ಎಡಗಡೆಯದು, ಹಿಂದೆ ಬಲಗಡೆಯದು (ಮರೆಗಳನ್ನು ಮಗುಚಿ ಹಾಕಿದ ರಾತ್ರಿ ಮುಂದೆ ಬಲ, ಹಿಂದೆ ಎಡ). ಆ ಎರಡು ಮರೆಗಳನ್ನು ಮೇಲ್ಗಡೆ ನಾಲ್ಕು ಬೆರಳು ಗಿಡ್ಡ ಮಾಡಿ. ಗಿಡ್ಡವಾದದ್ದು ತಾನಾಗಿ ನಿಲ್ಲುವುದಿಲ್ಲ, ಮೇಲಿನ ಎರಡು ಮೂಲೆಯಲ್ಲಿ ತೂತು ಮಾಡಿ ಸಕ್ಷನ್ ಕಪ್ ಸಿಕ್ಕಿಸಬೇಕು. ಕಪ್ ಕೂರುವ ಜಾಗವನ್ನು ಮೊದಲು ಒಣಬಟ್ಟೆಯಿಂದ ಒರೆಸಿ. ತೇವದ ಗಾಜಿನ ಮೇಲೆ ಕೂರಿಸಿದ ಕಪ್ ಸರಿಯಾಗಿ ನಿದ್ದೆ ಹತ್ತಿದಾಗಲೇ ಕಳಚಿಕೊಳ್ಳುತ್ತದೆ.

ಕರಾವಳಿಯಲ್ಲಿ ಸೊಳ್ಳೆಪರದೆ ಇಲ್ಲದೆ ಗಾಜು ಇಳಿಸುವ ಮಾತೇ ಇಲ್ಲ. ಪರದೆ ಬಟ್ಟೆಯನ್ನು ದಿಂಬಿನ ಕವರಿನ ಹಾಗೆ ಹೊಲಿಸಿ, ಬಾಗಿಲು ತೆರೆದು, ಗಾಜಿನ ಚೌಕಟ್ಟಿನ ಮೇಲಿನಿಂದ ತೊಡಿಸಿ ಬಾಗಿಲು ಮುಚ್ಚಿ. ಇದೂ ಮಳೆಯಲ್ಲಿ ನೀರು ಎಳೆಯುತ್ತದೆ, ಬಾಗಿಲಿನ ಮೇಲೆ ರೇನ್ ವೈಸರ್ (ಗಾಜಿನ ಮೇಲಂಚಿಗೆ ಸೂರಿನಂತೆ ಹಾಕುವ ಪ್ಲಾಸ್ಟಿಕ್ ಪಟ್ಟಿ) ಇದ್ದರೆ ಅಷ್ಟು ತೊಂದರೆಯಿಲ್ಲ.

ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್ ಗೆರೆಗಳ ಮೇಲೆ ಟೇಪು, ವೆಲ್ಕ್ರೋ ಏನೂ ಅಂಟಿಸಬೇಡಿ, ಕೀಳುವಾಗ ಗೆರೆಯೂ ಜೊತೆಗೇ ಬರುತ್ತದೆ. ಎಂಜಿನ್ ಓಡುತ್ತಾ, ಏಸಿ ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ನಿಂತ ಗಾಡಿಯ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರಿದರೆ ವಾಸನೆಯೂ ಗೊತ್ತಾಗುವುದಿಲ್ಲ.

"ಪೊಲೀಸರು ಹಿಡಿಯಲ್ವಾ?" ಅನ್ನುವವರಿಗೆ: ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. 1989ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದವುಗಳಲ್ಲಿ 50% ಬೆಳಕು ಹಾಯಬೇಕು. ನಮ್ಮದು ನಿಂತ ಗಾಡಿಯ ಮರೆ, ಓಡಿಸುವಾಗ ಒಂದೂ ಇರಕೂಡದು. ಡ್ರೈವರ್ ಪಕ್ಕದ್ದನ್ನು ಕೊನೆಗೆ ಹಾಕಿ, ಮೊದಲು ತೆಗೆಯಿರಿ. ಅಪರಾತ್ರಿ ಆ ಜಾಗದಿಂದ ತಟ್ಟನೆ ಹೊರಡಬೇಕಾಗಿ ಬಂದರೆ ಅದನ್ನೂ ಮುಂದಿನ ಸನ್‌ಶೇಡನ್ನೂ ಮೊದಲು, ಉಳಿದವನ್ನೂ ಕೂಡಲೇ ಎಳೆದು ಹಿಂದಕ್ಕೆ ಎಸೆದು ಹೊರಡಿ. ಅವನ್ನೆಲ್ಲ ಸ್ವಲ್ಪ ದೂರ ಹೋಗಿ, ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಜೋಡಿಸಿಡಬಹುದು.