ಆ ಕೋಣೆಯಲ್ಲಿ ಯಾರೂ ಹೇಳದ ಮಾತು

ಕಳೆದ ಶನಿವಾರ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಆ ದಿನ ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರನಾಗಿ ನಾನು ಬರೆದಿದ್ದ ತೀರ್ಪೊಂದನ್ನು ಸ್ವಲ್ಪ ಹೆಮ್ಮೆಯಿಂದಲೇ ಮಗಳಿಗೆ ತೋರಿಸಿದೆ. ಅವಳಿಗೆ 15 ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸುತ್ತಿರುವುದು ಇದು ಎರಡನೆಯ ವರ್ಷ. ಓದಿ ಮುಗಿಸಿ, “ಅಪ್ಪಾ, ಇದನ್ನ ಆ ರೂಮಲ್ಲಿ ಯಾರು ಹೇಳಿದ್ರು?” ಎಂದು ಕೇಳಿದಳು. ಯಾರೂ ಹೇಳಲಿಲ್ಲ, ಆದರೆ ಅದು ನಿಜ ಎಂದೆ. “ನಿಜ ಇರಬಹುದು. ಆದ್ರೆ ಡಿಬೇಟ್ ಮಾಡ್ತಾ ಇದ್ದಿದ್ದು ನೀನಲ್ವಲ್ಲ” ಎಂದವಳು ತಟ್ಟೆ ತೊಳೆಯಲು ಎದ್ದು ಹೋದಳು.

ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದಲ್ಲಿ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಮಕ್ಕಳು ಮಾತ್ರ ಹೋದರೆ ಸಾಲದು. ಶಾಲೆಯೊಂದು ಎಷ್ಟು ಮಕ್ಕಳನ್ನು ಕಣಕ್ಕಿಳಿಸುತ್ತದೆಯೋ ಅದಕ್ಕೆ ತಕ್ಕಷ್ಟು ತೀರ್ಪುಗಾರರನ್ನೂ ತಾನೇ ಒದಗಿಸಬೇಕೆಂಬುದು ಬಹುಪಾಲು ಪಂದ್ಯಾವಳಿಗಳ ನಿಯಮ. ಒದಗಿಸದಿದ್ದರೆ ಹಣ ತೆರಬೇಕು. ಹೀಗಾಗಿ ಶನಿವಾರ ಬೆಳಗ್ಗೆ ಏಳೂವರೆಗೆ ಯಾವುದೋ ಶಾಲೆಯ ಊಟದ ಹಾಲಿನಲ್ಲಿ ತೆಲುಗು, ತಮಿಳು, ಮ್ಯಾಂಡರಿನ್ ಮಾತಾಡುವ ಅಪ್ಪ ಅಮ್ಮಂದಿರು ತೂಕಡಿಸುತ್ತ ಕಾಫಿ ಹಿಡಿದು ಕುಳಿತಿರುತ್ತಾರೆ. ಯಾವ ಕೋಣೆಯಲ್ಲಿ ಯಾವ ತಂಡಗಳಿಗೆ ತೀರ್ಪು ಕೊಡಬೇಕೆಂಬ ಸಂದೇಶ ಫೋನಿಗೆ ಬಂದೊಡನೆ ಎಲ್ಲರೂ ದಡಬಡಿಸಿ ಏಳುತ್ತಾರೆ. ಸ್ವಂತ ಶಾಲೆಯ ಮಕ್ಕಳಿಗೆ ತೀರ್ಪು ಕೊಡುವಂತಿಲ್ಲ ಎಂಬುದನ್ನು ಬಿಟ್ಟರೆ ನಮ್ಮಂಥವರಿಗೆ ಹೆಚ್ಚಿನ ಅರ್ಹತೆಯನ್ನೇನೂ ಕೇಳುವುದಿಲ್ಲ.

ಮೊದಲ ವರ್ಷ ಶಾಲೆಯಿಂದ ಬಂದ ಅರ್ಜಿಯಲ್ಲಿ ‘ಫೊರೆನ್ಸಿಕ್ಸ್’ ಎಂದಿದ್ದುದನ್ನು ಕಂಡು, ಮಗಳನ್ನು ಶವಪರೀಕ್ಷೆಯ ವಿದ್ಯೆಗೆ ಹಚ್ಚುತ್ತಿದ್ದಾರೆಂದು ನನ್ನ ಹೆಂಡತಿ ಗಾಬರಿಯಾಗಿದ್ದಳು. ವಾದಕಲೆಗೆ ಇಲ್ಲಿ ಅದು ಹಳೆಯ ಹೆಸರು. ವಿಸ್ಕಾನ್ಸಿನ್‌ನ ರಿಪನ್ ಕಾಲೇಜಿನ ಅಧ್ಯಾಪಕ ಬ್ರೂನೋ ಜೇಕಬ್ 1925ರಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಕಟ್ಟಿದ ಸಂಘಕ್ಕೆ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂದೇ ಹೆಸರಿತ್ತು. ಅದು ನ್ಯಾಷನಲ್ ಸ್ಪೀಚ್ ಆ್ಯಂಡ್ ಡಿಬೇಟ್ ಅಸೋಸಿಯೇಷನ್ ಆದದ್ದು 2014ರಲ್ಲಿ. ನನ್ನ ಹೆಂಡತಿಯಂಥವರ ಗಾಬರಿಯೂ ಈ ಬದಲಾವಣೆಗೆ ಒಂದು ಕಾರಣವಿದ್ದೀತೆಂದು ನನ್ನ ಊಹೆ.

ಸ್ಪರ್ಧೆಗಳ ಬಗೆಗಳು ಲೆಕ್ಕವಿಲ್ಲದಷ್ಟಿವೆ. ಒಂದರಲ್ಲಿ ಅರ್ಧ ಗಂಟೆ ತಯಾರಿ ಮಾಡಿ ಏಳು ನಿಮಿಷ ಪ್ರಚಲಿತ ವಿದ್ಯಮಾನದ ಬಗ್ಗೆ ಮಾತಾಡಬೇಕು. ನಮ್ಮ ಆಶುಭಾಷಣದ ಶ್ರೀಮಂತ ದಾಯಾದಿ ಅದು. ಇನ್ನೊಂದರಲ್ಲಿ ಇಬ್ಬರು ಸೇರಿ ಹತ್ತು ನಿಮಿಷದ ನಾಟಕದ ತುಣುಕು ಅಭಿನಯಿಸಬೇಕು, ಆದರೆ ವೇಷವಿಲ್ಲ, ಪರಿಕರವಿಲ್ಲ, ಪಾತ್ರದೊಳಗೆ ಇರುವಷ್ಟು ಹೊತ್ತು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ನೋಡುವಂತೆಯೂ ಇಲ್ಲ. ಪಕ್ಕಪಕ್ಕದಲ್ಲಿ ನಿಂತ ಇಬ್ಬರು ಮಕ್ಕಳು ಶೂನ್ಯವನ್ನು ನೋಡುತ್ತ ಜಗಳವಾಡುವುದನ್ನು ಮೊದಲ ಸಲ ಕಂಡಾಗ ಮನಸ್ಸಿಗೆ ಬಂದದ್ದು ನಮ್ಮ ತಾಳಮದ್ದಳೆ. ವೇಷವಿಲ್ಲದೆ, ಬರೀ ಮಾತಿನಲ್ಲೇ ರಾಮನೂ ವಾಲಿಯೂ ಎದ್ದುನಿಲ್ಲುತ್ತಾರೆಂಬುದನ್ನು ಈ ದೇಶದವರಿಗೆ ಯಾರು ಹೇಳಿಕೊಟ್ಟರು ಎನಿಸಿತ್ತು.

ವಾದದ ಸ್ಪರ್ಧೆಗಳಲ್ಲಿ ಅತ್ಯಂತ ಕಠಿಣವಾದದ್ದು ಪಾಲಿಸಿ ಡಿಬೇಟ್. ವರ್ಷವಿಡೀ ಒಂದೇ ವಿಷಯ. ಮಂಡನೆಗೆ ಎಂಟೆಂಟು ನಿಮಿಷ. ಆ ಎಂಟು ನಿಮಿಷದಲ್ಲಿ ಸಾಧ್ಯವಿದ್ದಷ್ಟು ವಾದಗಳನ್ನು ತುರುಕುವ ಆಸೆಯಿಂದ ಹುಟ್ಟಿದ ವೇಗ ಎಂಥದ್ದೆಂದರೆ, ನನ್ನ ಕಿವಿಗೆ ಆ ಮಕ್ಕಳು ನಡುನಡುವೆ ಉಸಿರೆಳೆದುಕೊಳ್ಳುವ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಒಬ್ಬರಿಗೊಬ್ಬರು ಎದುರಾಗುವ ಬಗೆಗೆ ಲಿಂಕನ್-ಡಗ್ಲಸ್ ಡಿಬೇಟ್ ಎಂದು ಹೆಸರು. 1858ರಲ್ಲಿ ಸೆನೆಟ್ ಸ್ಥಾನಕ್ಕೆ ಎದುರಾಳಿಗಳಾಗಿದ್ದ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ನಡೆಸಿದ ಅಸಲು ವಾದಗಳು ತಲಾ ಮೂರು ಗಂಟೆಯವು: ಒಬ್ಬನಿಗೆ 60 ನಿಮಿಷ, ಎದುರಾಳಿಗೆ 90, ಮತ್ತೆ ಮೊದಲಿನವನಿಗೆ 30. ಮಕ್ಕಳ ಪಾಲಿಗೆ ಅದು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ನಮ್ಮಂಥ ಪೋಷಕರಿಗೆ ಹೆಚ್ಚಾಗಿ ಸಿಗುವುದು ಪಬ್ಲಿಕ್ ಫೋರಂ. ಸಾಮಾನ್ಯ ಕೇಳುಗನಿಗೂ ಅರ್ಥವಾಗುವಂತೆ ವಾದಿಸಬೇಕೆಂಬ ಉದ್ದೇಶದಿಂದ 2002ರಲ್ಲಿ ತಂದ ಬಗೆ ಇದು. ಆರಂಭದಲ್ಲಿ ಸಿಎನ್‌ಎನ್ ಸ್ಥಾಪಿಸಿದ ಟೆಡ್ ಟರ್ನರ್ ಅವರ ಹೆಸರಿನಲ್ಲಿಯೂ ಇದನ್ನು ಕರೆಯುತ್ತಿದ್ದರು. ಎರಡು ತಂಡ, ತಂಡಕ್ಕೆ ಇಬ್ಬರು. ಮೊದಲು ನಾಣ್ಯ ಚಿಮ್ಮಬೇಕು. ಗೆದ್ದವರು ಪರವೋ ವಿರೋಧವೋ ಎಂಬುದನ್ನು ಆರಿಸಿಕೊಳ್ಳಬಹುದು, ಇಲ್ಲವೇ ಮೊದಲು ಮಾತಾಡುವುದೋ ಕೊನೆಗೋ ಎಂಬುದನ್ನು. ಉಳಿದ ಆಯ್ಕೆ ಎದುರಿನವರದು. ಆಮೇಲೆ ನಾಲ್ಕು ನಿಮಿಷದ ಮಂಡನೆ, ಮೂರು ನಿಮಿಷ ಪರಸ್ಪರ ಪ್ರಶ್ನೆ, ನಾಲ್ಕು ನಿಮಿಷದ ಖಂಡನೆ, ಮತ್ತೆ ಪ್ರಶ್ನೆ, ಮೂರು ನಿಮಿಷದ ಸಾರಾಂಶ, ನಾಲ್ವರೂ ಸೇರಿ ಮೂರು ನಿಮಿಷದ ಪ್ರಶ್ನೋತ್ತರ, ಕಡೆಗೆ ಎರಡೆರಡು ನಿಮಿಷದ ಅಂತಿಮ ಮಾತು. ಬೆಳಗ್ಗೆ ಪರವಾಗಿ ಗುಡುಗಿದ ಹುಡುಗಿ ಮಧ್ಯಾಹ್ನ ಅದೇ ವಿಷಯವನ್ನು ಅಷ್ಟೇ ಶ್ರದ್ಧೆಯಿಂದ ವಿರೋಧಿಸುತ್ತಿರುತ್ತಾಳೆ. ಇದು ಮಕ್ಕಳಿಗೆ ಎರಡು ನಾಲಿಗೆ ಕಲಿಸುವ ವಿದ್ಯೆಯಲ್ಲವೇ ಎಂಬ ಅನುಮಾನ ನನಗೆ ಬಹಳ ಕಾಲ ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ತೀರ್ಪುಗಾರ ಮಾಡಬೇಕಾದದ್ದನ್ನು ಮಗಳೇ ಕಲಿಸಿದ್ದಳು. ಉದ್ದದ ಕಾಗದದಲ್ಲಿ ಕಂಬಸಾಲುಗಳನ್ನು ಎಳೆದು, ಒಂದು ತಂಡ ಹೇಳಿದ ಪ್ರತಿಯೊಂದು ಅಂಶವನ್ನು ಒಂದು ಸಾಲಿನಲ್ಲಿ, ಅದಕ್ಕೆ ಎದುರಿನವರು ಕೊಟ್ಟ ಉತ್ತರವನ್ನು ಅದರ ಪಕ್ಕದಲ್ಲಿ ಬರೆಯುತ್ತ ಹೋಗಬೇಕು. ಇದಕ್ಕೆ ‘ಫ್ಲೋ’ ಎನ್ನುತ್ತಾರೆ. ಪಕ್ಕದ ಜಾಗ ಖಾಲಿ ಉಳಿದರೆ ಆ ಅಂಶವನ್ನು ಎದುರಾಳಿ ಒಪ್ಪಿಕೊಂಡ ಹಾಗೆ. ಕಡೆಯ ಎರಡು ನಿಮಿಷದಲ್ಲಿ ಹೊಸ ವಾದ ತಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕೊನೆಗೆ ಯಾರು ಗೆದ್ದರು, ಯಾಕೆ ಗೆದ್ದರು ಎಂಬುದನ್ನು ಬರೆಯಬೇಕು, ಮತ್ತು ಅದನ್ನು ಆ ಮಕ್ಕಳು ಓದುತ್ತಾರೆ.

ಆ ಶನಿವಾರ ಮೂರನೆಯ ಸುತ್ತಿನಲ್ಲಿ ನನಗೆ ಸಿಕ್ಕವರು ಹೊಸಬರ ವಿಭಾಗದ ಮಕ್ಕಳು. ಅಮೆರಿಕ ಅಣುವಿದ್ಯುತ್ತಿಗೆ ಇನ್ನಷ್ಟು ಹಣ ಹೂಡಬೇಕೇ ಎಂಬುದು ವಿಷಯ. ವಿರೋಧದ ಹುಡುಗರು ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರದ ಹೊಸ ಘಟಕಗಳು ಏಳು ವರ್ಷ ತಡವಾಗಿ, 30 ಬಿಲಿಯನ್ ಡಾಲರಿಗೂ ಮಿಕ್ಕಿ ನುಂಗಿ ಮುಗಿದ ಕತೆಯನ್ನು ಹೇಳಿದರು. ಪರ ವಹಿಸಿದ ಹುಡುಗಿಯೂ ಅವಳ ಜೊತೆಗಾರನೂ ಏನೇನೋ ಅಂಕಿಗಳನ್ನು ಕೊಟ್ಟರು. ನಾನು ಬರೆದುಕೊಳ್ಳುತ್ತಲೇ ಇದ್ದೆ, ಆದರೆ ಮನಸ್ಸು ಆ ಹೊತ್ತಿಗಾಗಲೇ ಕಾಳೀನದಿಯ ದಂಡೆಗೆ ಹೋಗಿತ್ತು.

ನಾನು ಉತ್ತರ ಕನ್ನಡದವನು. ಕೈಗಾಕ್ಕೆ ಅಣುಸ್ಥಾವರ ಬರುತ್ತದೆಂಬ ಸುದ್ದಿಯ ಜೊತೆಯಲ್ಲೇ ಬೆಳೆದವನು. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತು ಸೋತದ್ದು ನೆನಪಿದೆ. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟ ಕುಸಿದದ್ದು ಇನ್ನೂ ಚೆನ್ನಾಗಿ ನೆನಪಿದೆ. ಸ್ಥಾವರಕ್ಕೆ ನೀರು ಕೊಡುವ ಕದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನನ್ನ ಸೋದರಮಾವನ ತೋಟವಿದೆ. ಇದೆ ಎಂದರೆ ನೀರಿನ ಅಡಿಯಲ್ಲಿದೆ. ವಿರೋಧದ ಹುಡುಗರಿಗೆ ಗೆಲುವು ಕೊಟ್ಟು, ಕಾರಣದ ಜಾಗದಲ್ಲಿ ನಾನು ಬರೆದದ್ದು ಇದನ್ನೇ: ಸ್ಥಾವರದ ಬೆಲೆಯನ್ನು ತೆರುವವರು ವಿದ್ಯುತ್ ಬಳಸುವವರಲ್ಲ, ಆ ನೆಲದಲ್ಲಿ ಬಾಳಿದವರು, ಮನೆಮಠ ಕಳೆದುಕೊಂಡವರ ವಿಚಾರವನ್ನು ಪರ ತಂಡ ಕಣ್ಣೆತ್ತಿಯೂ ನೋಡಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟು ಒಳ್ಳೆಯ ಪ್ಯಾರಾವನ್ನು ನಾನು ಆಫೀಸಿನಲ್ಲಿಯೂ ಬರೆದಿರಲಾರೆ. ಆದರೆ ವಿರೋಧದ ಹುಡುಗರು ಹಣದ ಬಗ್ಗೆ ಮಾತಾಡಿದ್ದರೇ ಹೊರತು ಮನೆ ಕಳೆದುಕೊಂಡವರ ಬಗ್ಗೆ ಒಂದಕ್ಷರವನ್ನೂ ಆಡಿರಲಿಲ್ಲ. ಅದೇ ಕೈಗಾದ ಒಂದನೆಯ ಘಟಕ 2018ರಲ್ಲಿ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿದ್ದನ್ನೂ ಆ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲ. ಅದು ನನಗೂ ಗೊತ್ತಿದ್ದ ಸಂಗತಿಯೇ. ಆ ಹೊತ್ತಿಗೆ ಗುಮ್ಮಟ ನೆನಪಾಯಿತು, ದಾಖಲೆ ನೆನಪಾಗಲಿಲ್ಲ.

ಮಗಳ ಪ್ರಶ್ನೆ ನನ್ನನ್ನು ಕುಟುಕಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಗುಮ್ಮಟ ಕುಸಿದ ಆ ವರ್ಷವೇ, ಮಳೆಗಾಲದಲ್ಲಿ, ನಮ್ಮ ಕಡೆಯ ಕಾಲೇಜೊಂದರಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ನಡೆದಿತ್ತು. ಜಿಲ್ಲೆಗೆ ಅಣುಸ್ಥಾವರ ಬೇಕೇ ಬೇಡವೇ ಎಂಬುದೇ ವಿಷಯ. ಕಾಲೇಜಿಗೆ ಇಬ್ಬರು, ಒಬ್ಬ ಪರ, ಒಬ್ಬ ವಿರೋಧ. ನಾಲ್ಕು ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಬಲ್ಲ ನನ್ನ ಜೊತೆಗಾರ ಮೊದಲೇ ವಿರೋಧವನ್ನು ಹಿಡಿದಿದ್ದ. ನನ್ನ ಪಾಲಿಗೆ ಪರ ಬಂತು. ಒಂದು ವಾರ ಲೈಬ್ರರಿಯಲ್ಲಿ ಕುಳಿತು, ರಾಜ್ಯದ ವಿದ್ಯುತ್ ಕೊರತೆಯ ಲೆಕ್ಕವನ್ನೆಲ್ಲ ಗುಡ್ಡೆಹಾಕಿಕೊಂಡು ಹೋಗಿದ್ದೆ. ನಮ್ಮಲ್ಲಿ ಯಾರೂ ಯಾರಿಗೂ ಉತ್ತರ ಕೊಡುವ ಪದ್ಧತಿ ಇರಲಿಲ್ಲ. ವಚನವೋ ಸುಭಾಷಿತವೋ ಒಂದರಿಂದ ಶುರುಮಾಡಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ, ವಂದಿಸಿ ಇಳಿಯುವುದು. ನಲವತ್ತು ಜನ ಮಾತಾಡಿದರೂ ಚರ್ಚೆ ಎಂಬುದು ನಡೆದೇ ಇರುತ್ತಿರಲಿಲ್ಲ. ವಿಷಯ, ಭಾಷೆ, ಮಂಡನೆ ಎಂದು ಅಂಕ ಹಾಕುತ್ತಿದ್ದರಂತೆ, ಆ ಅಂಕಗಳನ್ನು ಯಾರೂ ಕಂಡವರಿಲ್ಲ. ಸ್ಪರ್ಧೆಯ ಸೂಚನಾಪತ್ರದ ಕಡೆಯ ಸಾಲು ಎಲ್ಲ ಕಾಲೇಜುಗಳಲ್ಲೂ ಒಂದೇ: ತೀರ್ಪುಗಾರರ ತೀರ್ಮಾನವೇ ಅಂತಿಮ.

ನನಗೆ ಬಹುಮಾನ ಬರಲಿಲ್ಲ. ಅದು ದೊಡ್ಡ ಮಾತಲ್ಲ. ಚಹಾ ಕುಡಿಯುವಾಗ ತೀರ್ಪುಗಾರರಲ್ಲೊಬ್ಬರು ಹತ್ತಿರ ಕರೆದು, ಊರು ಕೇಳಿ ತಿಳಿದುಕೊಂಡು, “ಚಲೋ ಮಾತಾಡಿದೆ ತಮಾ. ಆದರೆ ಆ ಬದಿಯ ಹುಡುಗನಾಗಿ ಹಂಗೆಲ್ಲ ಹೇಳಬಾರದು” ಎಂದು ಪ್ರೀತಿಯಿಂದಲೇ ಬೆನ್ನು ತಟ್ಟಿದರು. ಆ ಮಾತನ್ನು ಈ ಮೂವತ್ತು ವರ್ಷಗಳಲ್ಲಿ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಇಲ್ಲಿನ ಪದ್ಧತಿಯನ್ನು ಹೊಗಳುವಾಗ, ನಮ್ಮ ಕಡೆ ಹೀಗಿತ್ತು ನೋಡಿ ಎಂದು ಮಗಳಿಗೂ ಹೇಳಿದ್ದೆ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಳೋ ಇಲ್ಲವೋ ತಿಳಿಯದು. ತಟ್ಟೆ ತೊಳೆಯುವಾಗ ಆ ಪ್ರಸ್ತಾಪವನ್ನಂತೂ ಎತ್ತಲಿಲ್ಲ.

ನಮ್ಮಲ್ಲಿ ಉತ್ತರ ಕೊಡುವ ಪದ್ಧತಿ ಇರಲಿಲ್ಲ ಎಂದೆ. ಅದು ಕಾಲೇಜಿನ ಮಾತು. ಮನೆಯಲ್ಲಿ ಹಾಗಿರಲಿಲ್ಲ. ಅಪ್ಪಯ್ಯ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಒಂದು ರಾತ್ರಿ ವಾಲಿಯಾಗಿ ರಾಮನನ್ನು ಕೇಳಿದವನು, ತಿಂಗಳೊಪ್ಪತ್ತು ಕಳೆದು ಇನ್ನೊಂದು ಊರಿನಲ್ಲಿ ರಾಮನಾಗಿ ಕುಳಿತು ಅದೇ ಪ್ರಶ್ನೆಗೆ ಸಮಾಧಾನ ಹೇಳುತ್ತಿದ್ದ. ಅವನಿಗೆ ಎರಡು ನಾಲಿಗೆಯೆಂದು ಊರಿನಲ್ಲಿ ಒಬ್ಬರೂ ಹೇಳಿದ್ದು ನನಗೆ ಗೊತ್ತಿಲ್ಲ. ಅಲ್ಲಿ ಗೆಲುವು ಸೋಲಿನ ಘೋಷಣೆಯಿಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಆದರೂ ಬೆಳಗಿನ ಜಾವ ಟಾರ್ಚು ಹಿಡಿದು ಮನೆಗೆ ಮರಳುವಾಗ ಗದ್ದೆಯ ಹಾಳಿಯ ಮೇಲೆ ತೀರ್ಪು ನಡೆಯುತ್ತಲೇ ಇತ್ತು. ರಾಮ ಸರಿಯೋ ವಾಲಿ ಸರಿಯೋ ಎಂದಲ್ಲ. ವಾಲಿ ಎತ್ತಿದ ಎರಡನೆಯ ಪ್ರಶ್ನೆಯನ್ನು ರಾಮ ಮುಟ್ಟದೆಯೇ ದಾಟಿಹೋದ, ಸ್ವರ ಚೆಂದವಿದ್ದರೆ ಸಾಕೇ, ಎಂದು. ಕಾಗದವಿಲ್ಲ, ಕಂಬಸಾಲಿಲ್ಲ, ಎಂಟು ಗಂಟೆಯ ಮಾತಿನಲ್ಲಿ ಯಾವ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತೆಂಬುದು ಹೆಚ್ಚು ಓದದ ಆ ಕೇಳುಗರ ತಲೆಯಲ್ಲಿ ಇರುತ್ತಿತ್ತು. ಅದನ್ನೆಲ್ಲ ಕೇಳುತ್ತ ಹಿಂದೆ ಹಿಂದೆ ನಡೆದುಬಂದ ಹುಡುಗ ನಾನು.

ಮಂಗಳವಾರ ರಾತ್ರಿ ಊರಿಗೆ ಫೋನು ಮಾಡಿದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ಈಗ 82. ಕಿವಿ ಸ್ವಲ್ಪ ಮಂದ, ಆದ್ದರಿಂದ ಕೂಗಿ ಹೇಳಬೇಕು. ಮೊಮ್ಮಗಳು ಕೇಳಿದ ಪ್ರಶ್ನೆಗೆ ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಕೈಗಾದ ವಿಷಯಕ್ಕೂ ಬರಲಿಲ್ಲ. “ಅದೆಲ್ಲ ಇರಲಿ. ಸೋತ ಮಕ್ಕಳು ಎಂತ ಹೇಳಿದ್ರು?” ಎಂದ.

ನನಗೆ ನೆನಪಾಗಲಿಲ್ಲ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಚೀಲದಿಂದ ಆ ದಿನದ ಕಾಗದ ತೆಗೆದೆ. ಪರ ತಂಡದ ಸಾಲಿನಲ್ಲಿ ಎರಡನೆಯ ಅಂಶ ನನ್ನದೇ ಅಕ್ಷರದಲ್ಲಿತ್ತು: ನಮ್ಮ ಕ್ಯಾಲಿಫೋರ್ನಿಯಾದಲ್ಲೇ ಉಳಿದಿರುವ ಒಂದೇ ಅಣುಸ್ಥಾವರ ಡಯಾಬ್ಲೊ ಕ್ಯಾನಿಯನ್, 2025ಕ್ಕೆ ಮುಚ್ಚಬೇಕೆಂದಿದ್ದ ಸರ್ಕಾರವೇ ಕರೆಂಟಿನ ಭಯಕ್ಕೆ 2022ರಲ್ಲಿ ಕಾನೂನು ತಂದು ಅದರ ಆಯುಷ್ಯವನ್ನು 2030ರವರೆಗೆ ಎಳೆಯಿತು, ಬೇಡವೆನ್ನುವವರು ಆ ಜಾಗಕ್ಕೆ ಏನನ್ನು ತರುತ್ತಾರೆ? ಸಾರಾಂಶದಲ್ಲಿಯೂ ಕೊನೆಯ ಮಾತಿನಲ್ಲಿಯೂ ಆ ಹುಡುಗಿ ಅದನ್ನು ಮತ್ತೆ ಎತ್ತಿದ್ದಳೆಂಬುದಕ್ಕೆ ಎರಡು ಗುರುತು ಹಾಕಿದ್ದೆ. ಅಪ್ಪಯ್ಯನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಕೂಗಿ ಹೇಳಿದೆ.

“ಅದಕ್ಕೆ ಈ ಬದಿಯವರು ಎಂತ ಅಂದ್ರು?” ಎಂದು ಕೇಳಿದ.

ಪಕ್ಕದ ಜಾಗ ಖಾಲಿಯಿತ್ತು.